ಎದುರಂಗಡಿಯವನು ಕೊಡದ ಕ್ರೀಮು

“ಕೊಡಲ್ಲ!”

ಮೆಡಿಕಲ್ ಶಾಪಿನವನು ಖಾಲಿ ಟ್ಯೂಬನ್ನು ಅವಳತ್ತಲೇ ತಳ್ಳಿದ.

ಎದುರಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಯಾಕ್ರೀ? ಎರಡು ವರ್ಷದಿಂದ ಹಚ್ತಿದ್ದೀನಿ. ನಮ್ಮಮ್ಮ ಬೇರೆ ಕಡೆಯಿಂದ ತರ್ತಿದ್ರು, ಆ ಅಂಗಡಿ ಈಗ ಮುಚ್ಚಿದೆ.”

“ಅದಕ್ಕೇ ಕೊಡಲ್ಲ. ಇದರಲ್ಲಿ ಸ್ಟೆರಾಯ್ಡ್ ಇದೆ, ಬೆಳ್ಳಗಾಗೋಕೆ ಹಚ್ಚೋದಲ್ಲ. ಬಿಸಿಲಿಗೆ ಹೋದ್ರೆ ಮುಖ ಉರಿಯತ್ತೆ, ಅಲ್ವಾ?”

ಉರಿಯುತ್ತಿತ್ತು. ಇವನಿಗೆ ಹೇಗೆ ಗೊತ್ತಾಯಿತು...?

“ನನ್ನ ಮುಖ, ನನ್ನಿಷ್ಟ!”

“ನನ್ನ ಅಂಗಡಿ, ನನ್ನಿಷ್ಟ. ಚರ್ಮದ ಡಾಕ್ಟರ ಚೀಟಿ ತನ್ನಿ.”

ಅವನ ಕನ್ನಡಕದ ಕಡ್ಡಿ ಮುರಿದಿತ್ತು. ಅದಕ್ಕೆ ಗಾಯದ ಪಟ್ಟಿ ಸುತ್ತಿಕೊಂಡಿದ್ದ.

“ಮೊದಲು ನಿಮ್ಮ ಕನ್ನಡಕನ ಡಾಕ್ಟರಿಗೆ ತೋರಿಸಿ!” ಎಂದು ಮೆಟ್ಟಿಲಿಳಿದಳು.

ಆದರೂ ಡಾಕ್ಟರ ಹತ್ತಿರ ಹೋದಳು. ಅವನ ಮಾತು ಸುಳ್ಳೆಂದು ಸಾಬೀತು ಮಾಡಲಿಕ್ಕೆ!

ಡಾಕ್ಟರಮ್ಮ ಭೂತಗನ್ನಡಿ ಹಿಡಿದು, ಕೆನ್ನೆಯಲ್ಲಿ ಎದ್ದ ಕೂದಲೆಳೆಯಂಥ ರಕ್ತನಾಳಗಳನ್ನು ತೋರಿಸಿದರು. “ಚರ್ಮ ತೆಳ್ಳಗಾಗಿದೆ. ಆ ಕ್ರೀಮ್ ಬಿಟ್ಟ ಮೇಲೆ ಮುಖ ಇನ್ನೂ ಕೆಡತ್ತೆ. ಕೆಂಪಾಗತ್ತೆ, ಗುಳ್ಳೆ ಏಳತ್ತೆ. ಹೆದರಿ ಮತ್ತೆ ಹಚ್ಚಿದ್ರೆ ಎಲ್ಲಾ ಮೊದಲಿಂದ ಶುರು. ತಿಂಗಳುಗಟ್ಟಲೆ ತಾಳ್ಮೆ ಬೇಕಮ್ಮ.”

ಚೀಟಿ ಹಿಡಿದು ಮತ್ತೆ ಅದೇ ಅಂಗಡಿಗೆ! ಮೊದಲು ಎರಡು ಮಾತು, ಆಮೇಲೆ ನಾಲ್ಕು. “ಇವತ್ತು ಉರಿ ಕಮ್ಮಿನಾ, ಜಗಳಗಂಟಿಯವರೇ?” ಎಂದು ಅವನು ಕೇಳದಿದ್ದರೆ ಆ ದಿನವೇ ಸಪ್ಪೆ.

ಮುಖ ಮಾತ್ರ ಕೆಂಡ.

ಮೂರನೇ ವಾರ ಅವಳ ಮಾಲೀಕರು ಕರೆದರು. “ಗಿರಾಕಿಗಳು ಮುಜುಗರ ಪಡ್ತಾರಮ್ಮ. ಸೋಮವಾರದೊಳಗೆ ಸರಿಹೋಗದಿದ್ರೆ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜು.”

ಎಂಟು ವರ್ಷದಿಂದ ಊರವರ ಮೂಗಿನ ಮೇಲೆ ಕನ್ನಡಕ ಕೂರಿಸಿದವಳು... ಮೂಲೆಗೆ?

“ಒಂದೇ ಒಂದು ಟ್ಯೂಬ್ ಹಚ್ಚೇ, ಕೆಲಸ ಉಳಿಯತ್ತೆ,” ಎಂದು ಅಮ್ಮ ಗೋಗರೆದಳು.

ಶನಿವಾರ ಅವಳು ತನ್ನ ಕೌಂಟರಿನಿಂದಲೇ ನೋಡಿದಳು. ಅಮ್ಮ ಎದುರಂಗಡಿಯಿಂದ ಕವರ್ ಹಿಡಿದು ಇಳಿಯುತ್ತಿದ್ದಳು. ಅವನು ಕೈ ಮುಗಿದು ಕಳಿಸುತ್ತಿದ್ದ.

ಕೊಟ್ಟೇಬಿಟ್ಟನಾ! ನನಗೆ ಉಪದೇಶ, ಅಮ್ಮನಿಗೆ ಕ್ರೀಮು...

ಆ ಕವರನ್ನು ಅವಳು ಮುಟ್ಟಲಿಲ್ಲ.

ಸೋಮವಾರ ಮುಖಕ್ಕೆ ಬಟ್ಟೆಯನ್ನೂ ಕಟ್ಟಿಕೊಳ್ಳದೆ ಬಂದು ಕೌಂಟರಿನ ಮುಂದೆಯೇ ನಿಂತಳು.

“ಸರ್, ಇದು ಅಂಟೋ ರೋಗ ಅಲ್ಲ. ವಾಸಿಯಾಗ್ತಿರೋ ಮುಖ. ನಾನು ಹಿಂದಿನ ಕೋಣೆಗೆ ಹೋಗಲ್ಲ. ಬೇಡ ಅಂದ್ರೆ ಕೆಲಸದಿಂದಲೇ ತೆಗೀರಿ!”

ಕಾದು ಕೂತಿದ್ದ ಅಜ್ಜಿಯೊಬ್ಬರು ಗೊಣಗಿದರು. “ಆಮೇಲೆ ಜಗಳ ಆಡ್ಕೊಳ್ಳಿ. ನನ್ನ ಕನ್ನಡಕ ಜಾರ್ತಿದೆ, ಈ ಹುಡುಗಿಯೇ ಸರಿ ಮಾಡ್ಬೇಕು.”

ಮಾಲೀಕರು ಕೆಮ್ಮಿ ಪೇಪರಿನೊಳಗೆ ಮುಖ ಹುದುಗಿಸಿದರು.

ಮಧ್ಯಾಹ್ನ ಬುತ್ತಿ ತಂದ ಅಮ್ಮ ಕಣ್ಣೊರೆಸಿಕೊಂಡಳು. “ಆ ಕವರಲ್ಲಿದ್ದಿದ್ದು ಬರೀ ಮಾಯಿಶ್ಚರೈಸರ್ ಕಣೇ. ಎಷ್ಟು ಬೇಡಿದ್ರೂ ಕ್ರೀಮ್ ಕೊಡ್ಲಿಲ್ಲ ಆ ಮಹಾರಾಯ. ‘ಅವರು ಗೆಲ್ತಿದ್ದಾರೆ, ನೀವು ಸೋಲಿಸ್ಬೇಡಿ’ ಅಂತ ಕೈ ಮುಗಿದ.”

ಅವಳು ಎದುರಂಗಡಿಯತ್ತ ನೋಡಿದಳು.

ಸಂಜೆ ಅವನೇ ಬಂದ. ಪಟ್ಟಿ ಸುತ್ತಿದ ಕನ್ನಡಕವನ್ನು ಕೌಂಟರಿನ ಮೇಲಿಟ್ಟ. “ಡಾಕ್ಟರಿಗೆ ತೋರಿಸಿ ಅಂದಿದ್ರಲ್ಲ...”

ಅವಳು ಹೊಸ ಕಡ್ಡಿ ಜೋಡಿಸಿ, ಅವನ ಕಿವಿಯ ಹಿಂದೆ ಮೆಲ್ಲನೆ ಕೂರಿಸಿದಳು. “ನಿಮ್ಮ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು. ಈಗ ಸರಿಯಾಗಿ ಕಾಣ್ತಿದ್ಯಾ?”

“ಕಾಣ್ತಿದೆ.”

“ಕೆಂಪೂ?”

“ಕೆಂಪೂ ಕಾಣ್ತಿದೆ, ಗುಳ್ಳೆಯೂ ಕಾಣ್ತಿದೆ. ನಾನು ಪ್ರೀತಿಸ್ತಿರೋ ಹುಡುಗಿಯೂ ಕಾಣ್ತಿದ್ದಾಳೆ...”

ಅವಳು ಮುಖ ತಿರುಗಿಸಲಿಲ್ಲ. “ಇನ್ನೂ ತಿಂಗಳುಗಟ್ಟಲೆ ಹೀಗೇ ಇರತ್ತೆ.”

“ಅಷ್ಟೂ ದಿನ ನೋಡೋಕೆ ಬರ್ತೀನಿ. ಅದಕ್ಕೂ ಡಾಕ್ಟರ ಚೀಟಿ ಬೇಕಾ?”

“ಬೇಡ,” ಎಂದು ನಕ್ಕಳು. “ನನ್ನ ಮುಖ, ನನ್ನಿಷ್ಟ!”