ಅತ್ತೆ ಹೊರಗಿಟ್ಟ ದಿನಗಳು

"ಅಲ್ಲೇ ನಿಲ್ಲೇ! ಬೇಲಿ ದಾಟಿದ್ರೆ ಕಾಲು ಮುರೀತೀನಿ!"

ಅತ್ತೆ ದೊಡ್ಡಕ್ಕನ ಅಬ್ಬರಕ್ಕೆ ಇಡೀ ಗೊಲ್ಲರಹಟ್ಟಿಯೇ ತಿರುಗಿ ನೋಡಿತು. ಮಿಂದು ಒದ್ದೆ ಸೀರೆಯಲ್ಲೇ ಮನೆಗೆ ಹೊರಟಿದ್ದ ಸೊಸೆ ಚಿತ್ತಮ್ಮ ಗಕ್ಕನೆ ನಿಂತಳು. ಮುಟ್ಟಾದವರು ಹಟ್ಟಿಯಾಚೆಯ ಗುಡಿಸಲಲ್ಲಿದ್ದು, ಮಿಂದ ಮೇಲೆ ಮನೆಯ ಹಿರಿಯಳು ಹೂಂ ಅಂದರಷ್ಟೇ ಒಳಗೆ ಬರಬೇಕು. ಈ ಹಿರಿಯಳೋ, ಹೂಂ ಅನ್ನುವವಳೇ ಅಲ್ಲ!

"ಮಿಂದು ಬಂದೀನತ್ತೆ..."

"ಮೈಲಿಗೆ ಹೋಗಿಲ್ಲ ಕಣೇ. ನಡಿ ಗುಡಿಸಲಿಗೆ!"

ಅತ್ತೆಯ ಹಿಂದೆಯೇ ನಿಂತಿದ್ದ ಭಾವ ಪಾಲಣ್ಣ ಮೈಲಿಗೆಯ ಮಾತು ಕೇಳಿ ದೂರ ಸರಿದ. ದೈವವೆಂದರೆ ನಡುಗುವ ಮನುಷ್ಯ. ಆದರೆ ಸತ್ತ ತಮ್ಮನ ಹೆಂಡತಿ ಓದುತ್ತಾಳೆಂದರೆ ಕೆಂಡವಾಗುತ್ತಿದ್ದ. ಹೋದ ವರ್ಷ ಅವಳ ಪುಸ್ತಕಗಳನ್ನು ಒಲೆಗಿಟ್ಟವನೂ ಅವನೇ.

ಚಿತ್ತಮ್ಮ ಅಳುತ್ತಾ ಗುಡಿಸಲಿಗೆ ಮರಳಿದಳು. ಛೇ, ಎಂಥ ಬಾಳು! ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು. ಪಾಸಾದರೆ ಚಿತ್ರದುರ್ಗದಲ್ಲಿ ಟೀಚರ್ ಟ್ರೈನಿಂಗು, ತನ್ನ ಅನ್ನ ತನಗೆ. ಶಾಲೆಯ ಜಯಕ್ಕ ಟೀಚರು ಗುಟ್ಟಾಗಿ ಪರೀಕ್ಷೆಗೆ ಕಟ್ಟಿಸಿ, ಪುಸ್ತಕವನ್ನೂ ಕೊಟ್ಟಿದ್ದರು. ಗುಡಿಸಲಲ್ಲಿ ಕೆಲಸವಿಲ್ಲ, ಬೈಯುವವರಿಲ್ಲ. ಕಣ್ಣೊರೆಸಿಕೊಂಡು ಓದಿದಳು. ಆದರೆ ಅತ್ತೆ ಹೀಗೇ ಕೂಡಿಹಾಕಿದರೆ ಪರೀಕ್ಷೆಗೆ ಹೋಗುವುದೆಂತು?

ಪರೀಕ್ಷೆಯ ದಿನ ಬೆಳಗ್ಗೆ ದೊಡ್ಡಕ್ಕನೇ ಗುಡಿಸಲಿಗೆ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು.

"ಏಳೇ, ಹೊಳಲ್ಕೆರೆ ಬಸ್ಸು ಬರ್ತೈತೆ. ಪರೀಕ್ಷೆ ಇಲ್ವೇನೇ?"

"ಅತ್ತೇ! ನಿಂಗ್ಯಾರು ಹೇಳಿದ್ರು? ಮತ್ತೆ... ಮೈಲಿಗೆ?"

"ಜಯಕ್ಕ ಹೇಳಿದ್ಲು. ಮೈಲಿಗೆ ಅವತ್ತೇ ಹೋತು. ಒಳಗೆ ಬಂದಿದ್ರೆ ಕಸ, ಕುರಿ, ಬೀಸೋ ಕಲ್ಲು... ಓದಾಕೆ ಬಿಡ್ತಿದ್ನೇನೇ ಪಾಲ? ಗುಡಿಸಲ ಹತ್ರ ಅವ್ನು ಸುಳಿಯಾಕಿಲ್ಲ. ಪರೀಕ್ಷೆ ಮುಗಿಯೋತಂಕ ನೀನು ಹೊರಗೇ. ದೇವ್ರ ಹತ್ರ ತಪ್ಪು ನಾನೊಪ್ಕಂತೀನಿ."

ಗಂಟು ನೀಡಿದ ಅತ್ತೆಯ ಅಂಗೈ ನೋಡಿ ಚಿತ್ತಮ್ಮನ ಎದೆ ಒಡೆಯಿತು. ಬರೀ ಬೊಬ್ಬೆ! ಸೊಸೆಯ ಪಾಲಿನ ರಾಗಿಯನ್ನೆಲ್ಲ ಆ ಮುದಿ ಜೀವವೇ ಬೀಸಿತ್ತು.

"ನನ್ನವ್ವ..." ಎಂದು ಬಿಕ್ಕಿದಳು. "ನಿನ್ನ ಪಾಪಿ ಅಂತ ಬೈಕಂಡೆನಲ್ಲವ್ವ!"

"ಬೈಕೋ, ಯಾರ್ ಬ್ಯಾಡ ಅಂದ್ರು? ನಿನ್ ಗಂಡ ಎತ್ತಪ್ಪ ಇದ್ದಿದ್ರೆ ಅವನೇ ಓದಿಸ್ತಿದ್ದ. ನನ್ ಮಗ ಇಲ್ಲ... ನಾನಿದೀನಿ. ಓಡು, ಅಳಬ್ಯಾಡ!"

ಚಿತ್ತಮ್ಮ ಹಿಂದಿನ ಕಾಲುದಾರಿ ಹಿಡಿದು ರಸ್ತೆಗೆ ಓಡಿದಳು. ಬಸ್ಸು ಹತ್ತುವಾಗ ತಿರುಗಿ ನೋಡಿದಳು. ಬೇಲಿಯ ಬಳಿ ಪಾಲಣ್ಣ ಕುರಿ ಬಿಡುತ್ತಿದ್ದ. ಅವನಿಗೆ ಕೇಳಲೆಂದು, ಖಾಲಿ ಗುಡಿಸಲ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ದೊಡ್ಡಕ್ಕ ಬಾಯಿ ಮಾಡುತ್ತಿದ್ದಳು:

"ಮೂದೇವಿ! ಹೊರಗೆ ತಲೆ ಹಾಕೀಯ, ಜ್ವಾಕೆ! ಬಿದ್ದಿರು ಅಲ್ಲೇ!"

ಆ ಬೈಗುಳದ ದಿಕ್ಕಿಗೆ ಚಿತ್ತಮ್ಮ ಎರಡೂ ಕೈ ಎತ್ತಿ ಮುಗಿದಳು.