ಬೆಳೆಯುವ ಮಕ್ಕಳ ಮಡಿಕೆ

ಆ ದಿನ ಬೆಳಿಗ್ಗೆ ಗಾಳಿ ಜೋರಾಗಿತ್ತು. ತಂತಿಯ ಮೇಲಿನ ಬಟ್ಟೆಗಳನ್ನೆಲ್ಲ ಕೆಣಕಿ, ಕಿಟಕಿಯ ಪರದೆ ಎಳೆದು, ಆಕಾಶದಲ್ಲಿ ಒಂದು ಮೋಡವೂ ಉಳಿಯದ ಹಾಗೆ ಗುಡಿಸಿ ಹೋಗುವ ತುಂಟ ಗಾಳಿ. ಭಗವಂತ ಇಂಥ ಬೆಳಗನ್ನು ಸುಮ್ಮನೆ ಕಳಿಸುವುದಿಲ್ಲ ಎಂದುಕೊಂಡು ಅವಳು ಕೈಮುಗಿದಳು. ಆಮೇಲೆ ಇಸ್ತ್ರಿ ಮಾಡಿದ ಹೊಸ ಅಂಗಿಯನ್ನು ಗಂಡನ ಮುಂದೆ ಹಿಡಿದಳು.

ಅವಳು ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವವಳು. ಅವನು ಬೋರ್ಡ್ ಬರೆಯುವವನು. ಏಣಿಯ ತುತ್ತತುದಿಯಲ್ಲಿ ನಿಂತು ಆಳೆತ್ತರದ ಅಕ್ಷರಗಳನ್ನು ಕೈ ನಡುಗದೆ ಬರೆಯುತ್ತಿದ್ದ. ಕೆಳಗಿಳಿದರೆ ತನ್ನ ಟವೆಲ್ ಎಲ್ಲಿದೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಗಿರಾಕಿಗಳ ಜೊತೆ ಮಾತಾಡುವುದೂ ಅವಳೇ. ಅವನ ಜ್ವರದ ಮಾತ್ರೆ, ಅವನ ಉಗುರು, ಅವನ ಮುನಿಸು ಎಲ್ಲವೂ ಅವಳ ತಲೆಯ ಮೇಲೇ.

ಇವತ್ತು ಹೊಸ ಗ್ರಂಥಾಲಯದ ಹೆಸರು ಬರೆಸುವ ಬಗ್ಗೆ ಮಾತಾಡಲು ಅವನನ್ನು ಕರೆದಿದ್ದರು. ಅಂಗಿ ತೊಟ್ಟವನು ತೋಳಿನ ತುದಿಯನ್ನು ಒತ್ತಿ ನೋಡಿದ.

"ಏನೇ ಇದು, ಒಳಗೆ ಇಷ್ಟು ಬಟ್ಟೆ ಮಡಚಿಟ್ಟಿದ್ದೀಯ?"

ಅವಳು ಮುಟ್ಟಿ ನೋಡಿದಳು. ಬೆಳೆಯುವ ಮಕ್ಕಳ ಅಂಗಿಗೆ ಬಿಡುವ ಮಡಿಕೆ. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು ತೋಳಿಗೂ ಅಂಚಿಗೂ ಉಳಿಸುತ್ತಿದ್ದಳಲ್ಲ, ಅದೇ. ಗಂಡನ ಅಂಗಿಗೂ ಅವಳ ಕೈ ಅವಳನ್ನು ಕೇಳದೆಯೇ ಅದನ್ನು ಬಿಟ್ಟಿತ್ತು.

"ನಾನಿನ್ನೂ ಉದ್ದ ಆಗ್ತೀನಿ ಅಂತಾನಾ?" ಅವನು ನಕ್ಕ. "ನನ್ನ ತಲೆ ನೋಡಿದ್ರೆ ಬೆಳೆಯೋ ಕಾಲ ಮುಗಿದು ಉದುರೋ ಕಾಲ ಬಂದಿದೆ ಕಣೇ."

ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದ ಅತ್ತೆಯೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಮೇಲಿನ ಗುಂಡಿಯನ್ನು ಅವಳೇ ಹಾಕಲಿ ಎಂದು ಅವನು ಗಲ್ಲ ಎತ್ತಿ ನಿಂತಿದ್ದ. ಮದುವೆಯಾದ ಹೊಸದರಲ್ಲಿ ಗುಂಡಿ ಹಾಕುವಾಗ ಇಬ್ಬರಿಗೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಈಗ ಅವನು ಅವಳ ತಲೆಯ ಮೇಲಿಂದ ಗಡಿಯಾರ ನೋಡುತ್ತಿದ್ದ.

ಅವಳು ಕೈ ಕೆಳಗಿಳಿಸಿದಳು.

"ರೀ, ಒಂದು ಮಾತು ಹೇಳ್ತೀನಿ. ನಗಬೇಡಿ."

"ಹೇಳು."

"ಈಚೆಗೆ ನಿಮ್ಮನ್ನ ನೋಡಿದ್ರೆ ನಾನು ನಿಮ್ಮಮ್ಮ ಅನ್ನೋ ಹಾಗೆ ಆಗುತ್ತೆ. ಪ್ರೀತಿ ಕಮ್ಮಿ ಆಗಿಲ್ಲ, ಜಾಸ್ತೀನೇ ಆಗಿದೆ. ಆದ್ರೆ ಅದು ಹೆಂಡತಿ ಪ್ರೀತಿ ಅಲ್ಲ. ಹೀಗೇ ಬಿಟ್ರೆ ನನಗೆ ಗಂಡ ಅಂತ ಒಬ್ಬ ಇದ್ದ ಅನ್ನೋದೇ ಮರ್ತು ಹೋಗುತ್ತೆ. ನನಗದು ಬೇಡ."

ಅವನ ನಗು ಅಲ್ಲೇ ಕರಗಿತು. "ಹಾಗಾದ್ರೆ ನಾನೇನು ಮಾಡ್ಲಿ?"

"ನೋಡಿ, ಅದನ್ನೂ ನನ್ನೇ ಕೇಳ್ತೀರಿ."

ಅತ್ತೆ ತಲೆ ಎತ್ತದೆಯೇ ಹೇಳಿದರು: "ಇವನಮ್ಮನ ಕೆಲಸ ನಾನಿನ್ನೂ ಬಿಟ್ಟಿಲ್ಲ ಕಣಮ್ಮ. ನೀನ್ಯಾಕೆ ನನ್ನ ಜಾಗಕ್ಕೆ ಬಂದು ಕೂತೆ? ಲೋ, ಗುಂಡಿ ಹಾಕ್ಕೊಂಡು ಹೊರಡು. ಇವತ್ತು ಅವಳು ಬರಲ್ಲ."

"ಒಬ್ಬನೇನಾ? ಅಲ್ಲಿ ಮಾತಾಡೋದು ಯಾರು?"

"ನಿಮಗೂ ಬಾಯಿದೆಯಲ್ಲ," ಎಂದಳು ಅವಳು, ಮೆತ್ತಗೆ.

ಅವನು ಹೋದ. ನೀರಿನ ಬಾಟಲಿ ಮೇಜಿನ ಮೇಲೇ ಉಳಿದಿತ್ತು. ಅದನ್ನು ಹಿಡಿದು ಗೇಟಿನ ತನಕ ಓಡಿದವಳು ಅಲ್ಲೇ ನಿಂತುಬಿಟ್ಟಳು. ಬಾಯಾರಿದರೆ ಕೇಳಿ ಕುಡಿಯುತ್ತಾನೆ. ದಿನಾ ಅವನನ್ನು ಕಾಪಾಡು ಎಂದು ದೇವರಲ್ಲಿ ಬೇಡುತ್ತಿದ್ದವಳು, ಇವತ್ತು ನನ್ನ ಕೈಯನ್ನು ಸ್ವಲ್ಪ ಕಟ್ಟಿಹಾಕು ತಂದೆ ಎಂದು ಬೇಡಿಕೊಂಡಳು. ಮನಸ್ಸು ಹಗುರಾಯಿತು. ಅವನಿಂದ ಆಗುತ್ತದೆ ಎಂಬುದು ಒಳಗೊಳಗೇ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಬಂದ. ಊಟ ಆಯ್ತಾ ಎಂಬ ಮಾತು ತುಟಿಯವರೆಗೆ ಬಂದರೂ ಅವಳು ನುಂಗಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

"ಅವರಿಗೆ ಕೆಂಪು ಬೇಕಂತೆ," ಎಂದ ಅವನು. "ಆ ಗೋಡೆ ಮೇಲೆ ಕೆಂಪು ಬಳಿದ್ರೆ ಗ್ರಂಥಾಲಯ ಮಾಂಸದಂಗಡಿ ಥರ ಕಾಣುತ್ತೆ ಅಂದೆ."

"ಹಾಗೇ ಅಂದ್ರಾ?"

"ಹಾಗೇ. ಅವರೆಲ್ಲ ನಕ್ಕುಬಿಟ್ರು. ಕೆಲಸ ನಿಮಗೇ, ನಾಳೆ ಬನ್ನಿ, ನೀಲಿ ನೋಡೋಣ ಅಂದ್ರು. ನಾಳೆ ಆಗಲ್ಲ, ನಾಡಿದ್ದು ಬರ್ತೀನಿ ಅಂದೆ."

"ಅಯ್ಯೋ, ಯಾಕ್ರೀ?"

"ನಾಳೆ ಹೆಂಡತಿ ಜೊತೆ ಹೊರಗೆ ಹೋಗ್ಬೇಕು ಅಂದೆ."

ಯಂತ್ರ ನಿಂತಿತು. "ಎಲ್ಲಿಗೆ?"

"ಅದು ನಿನಗ್ಯಾಕೆ? ನಾನು ಯೋಚಿಸ್ತೀನಿ. ನೀನು ಬಂದ್ರೆ ಸಾಕು."

ಅತ್ತೆ ಬಟಾಣಿಯ ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು, ಒಳಗೆ ಏನೂ ಕೆಲಸವಿರದಿದ್ದರೂ.

ಅವಳು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಹೋಗಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಎದುರಿಗೇ ಕೂತಿದ್ದ.

"ಏನು ನೋಡ್ತಿದ್ದೀರಿ? ಏನಾದ್ರೂ ಬೇಕಾ?"

"ಏನೂ ಬೇಡ."

ಅವಳ ಕಿವಿಯ ಬಳಿ ಸರಿದ ಕೂದಲು, ಹಣೆಯ ಬೆವರು, ಕೆಂಪೇರುತ್ತಿದ್ದ ಕೆನ್ನೆ. ಎಷ್ಟೋ ಕಾಲದಿಂದ ಅವಳಿಗೆ ಸಲ್ಲದೆ ಉಳಿದಿದ್ದ ನೋಟವನ್ನು ಅವನು ಅವಸರವಿಲ್ಲದೆ, ಕಣ್ಣು ಕೀಳದೆ ಅವಳಿಗೆ ಹಿಂದಿರುಗಿಸತೊಡಗಿದ.