ಸಲ್ಸಾಲ್ ನಿಂತಿದ್ದ ಜಾಗ

ಬಾಮಿಯಾನದ ಬಂಡೆಯಲ್ಲಿ ಕೊರೆದಿದ್ದ ದೊಡ್ಡ ಬುದ್ಧನನ್ನು ನಾವು ಸಲ್ಸಾಲ್ ಅನ್ನುತ್ತೇವೆ. ಅವನನ್ನು ಸಿಡಿಸಿದಾಗ ನಾನಿನ್ನೂ ಚಿಕ್ಕವಳು. ಈಗ ಅಲ್ಲಿರುವುದು ಬರಿದಾದ ಗೂಡು. ಒಳಗೆ ಒಳ್ಳೆ ಬಿಸಿಲು ಬೀಳುತ್ತದೆಂದು, ಚಳಿಗಾಲಕ್ಕೆ ಬೇಕಾದ ಮೊಸರುಂಡೆಗಳನ್ನು ಹೋದ ವರ್ಷ ಅಲ್ಲೇ ಚಾದರಗಳನ್ನು ಹಾಸಿ ಒಣಹಾಕಲು ಹೊರಟೆ.

"ಅವನನ್ನ ಕೇಳಿದ್ಯೇನೇ?" ಅಂದರು ಅತ್ತೆ ಸಕೀನಾ.

"ಇಲ್ಲದವನನ್ನ ಏನಂತ ಕೇಳೋದು, ಅತ್ತೆ?"

ಗೂಡಿನೊಳಗೆ ಪಾರಿವಾಳಗಳು ನೇರವಾಗಿ ಹಾರದೆ, ಏನನ್ನೋ ಬಳಸಿಕೊಂಡು ಹೋಗುತ್ತಿದ್ದವು. ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಾರ ಕಳೆದರೂ ನಡುವಿನ ಎರಡು ಚಾದರದ ಉಂಡೆಗಳು ಮಾತ್ರ ಹಸಿಹಸಿಯಾಗಿಯೇ ಇದ್ದವು. ಕೆಳಗೆ ಕೈಯಿಟ್ಟೆ. ಸುಡುವ ಬಿಸಿಲಲ್ಲೂ ಆ ನೆಲ ತಣ್ಣಗೆ ಕೊರೆಯುತ್ತಿತ್ತು.

ಹಟಕ್ಕೆ ಬಿದ್ದು ಈ ವರ್ಷವೂ ಆ ಗೂಡಿನಲ್ಲೇ ಹರವಿದೆ.

"ಈ ಸಲ ಎಲ್ಲಾ ಒಣಗಿದ್ಯಲ್ಲೇ?"

"ಅವನ ಕಾಲಿಗೆ ಜಾಗ ಬಿಟ್ಟಿದ್ದೆ, ಅತ್ತೆ."